ಹಳೇ ಬಡಾವಣೆಯ ಹನ್ನೆರಡು ಮನೆಯೋ, ಊರಾಚೆಯ ಹನ್ನೆರಡು ಟವರೋ? ಬೆಂಗಳೂರಿನಲ್ಲಿ ಫ್ಲಾಟ್ ಆರಿಸುವವರಿಗೆ

ಬೆಂಗಳೂರಿನಲ್ಲಿ ಫ್ಲಾಟ್ ಹುಡುಕಲು ಹೊರಟವರ ಮುಂದೆ ಕೊನೆಗೆ ಉಳಿಯುವುದು ಹೆಚ್ಚಾಗಿ ಎರಡೇ ದಾರಿ. ಒಂದು, ಮಲ್ಲೇಶ್ವರ, ಜಯನಗರ, ಬಸವನಗುಡಿ, ರಾಜಾಜಿನಗರದ ಯಾವುದೋ ಅಡ್ಡರಸ್ತೆಯಲ್ಲಿ ಹಳೇ ಮನೆ ಕೆಡವಿ ಕಟ್ಟಿದ, ನಾಲ್ಕು ಮಹಡಿಯ, ಹತ್ತೋ ಹನ್ನೆರಡೋ ಮನೆಗಳ ಕಟ್ಟಡ. ಇನ್ನೊಂದು, ವರ್ತೂರು, ಸರ್ಜಾಪುರ ರಸ್ತೆ, ಹೆಣ್ಣೂರು, ಕನಕಪುರ ರಸ್ತೆಯ ಕಡೆ ಈಜುಕೊಳ, ಕ್ಲಬ್‌ಹೌಸ್, ಮಕ್ಕಳ ಆಟದ ಜಾಗ, ಸೂಪರ್ ಮಾರ್ಕೆಟ್ ಎಲ್ಲವೂ ಗೇಟಿನ ಒಳಗೇ ಇರುವ ದೊಡ್ಡ ಕಾಂಪ್ಲೆಕ್ಸು. ಅದೇ ದುಡ್ಡಿಗೆ ಮೊದಲನೆಯ ಕಡೆ ಎರಡು ಬೆಡ್‌ರೂಮು ಸಿಕ್ಕರೆ ಎರಡನೆಯ ಕಡೆ ಮೂರು ಸಿಗಬಹುದು. ಇಲ್ಲಿಗೇ ಲೆಕ್ಕ ನಿಲ್ಲಿಸಿ, ಆಮೇಲೆ ಬಾಗಿಲು ಪೂರ್ವಕ್ಕಿದೆಯೋ ಇಲ್ಲವೋ ಎಂದು ನೋಡಿ ಅಡ್ವಾನ್ಸ್ ಕೊಡುವವರೇ ಜಾಸ್ತಿ.

ಚದರಡಿ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನೀರು, ಕಸ, ಚರಂಡಿ, ಬೀದಿದೀಪ, ಪಾರ್ಕು, ತರಕಾರಿ, ಬಸ್ಸು ಇವುಗಳಲ್ಲಿ ಯಾವುದನ್ನು ಊರು ಒದಗಿಸುತ್ತದೆ, ಯಾವುದನ್ನು ನೀವೇ ಕೈಯಿಂದ ದುಡ್ಡು ಹಾಕಿ ಗೇಟಿನ ಒಳಗೆ ನಡೆಸಿಕೊಳ್ಳಬೇಕು? ಹಳೇ ಬಡಾವಣೆಯಲ್ಲಿ ಬಹುಪಾಲು ಗೇಟಿನ ಹೊರಗೆ ಸಿಗುತ್ತದೆ. ಊರಾಚೆಯ ಕಾಂಪ್ಲೆಕ್ಸಿನಲ್ಲಿ ನೀವೂ ನೆರೆಹೊರೆಯವರೂ ಸೇರಿ ಒಂದು ಪುಟ್ಟ ಪುರಸಭೆಯನ್ನೇ ನಡೆಸುತ್ತಿರುತ್ತೀರಿ. ಆ ಪುರಸಭೆ ಚೆನ್ನಾಗಿ ನಡೆದರೆ ಸುಖ, ಕೆಟ್ಟರೆ ಸೆಕ್ಯುರಿಟಿಯವನ ಸಂಬಳದಿಂದ ಹಿಡಿದು ಚರಂಡಿ ವಾಸನೆಯವರೆಗೆ ಎಲ್ಲವೂ ನಿಮ್ಮ ತಲೆಯ ಮೇಲೆ.

ಮೊದಲು ನೀರು

ನನ್ನ ಮಟ್ಟಿಗೆ ಬೆಂಗಳೂರಿನ ಫ್ಲಾಟಿಗೆ ನೀರೇ ಮೊದಲ ಪರೀಕ್ಷೆ. ಈ ಊರಿನ ಮಗ್ಗುಲಲ್ಲಿ ದೊಡ್ಡ ನದಿಯಿಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಪಂಪು ಮಾಡಿ ಮೇಲಕ್ಕೆತ್ತಿ ತರಬೇಕು. ಹಳೇ ಬಡಾವಣೆಗಳಿಗೆ ಈ ನೀರು ಮೊದಲಿನಿಂದ ಬರುತ್ತಿದೆ. ದಿನ ಬಿಟ್ಟು ದಿನವೋ, ಬೆಳಗಿನ ಜಾವ ನಾಲ್ಕಕ್ಕೋ, ಅಂತೂ ನೆಲದಡಿಯ ಸಂಪಿಗೆ ಬೀಳುತ್ತದೆ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳ ಕಥೆ ಬೇರೆ. ಟವರುಗಳು ಎದ್ದು ನಿಂತ ಎಷ್ಟೋ ವರ್ಷಗಳ ಮೇಲೆ, 2024ರ ಅಕ್ಟೋಬರಿನಲ್ಲಿ, ಕಾವೇರಿ ಐದನೇ ಹಂತ ಚಾಲನೆಗೊಂಡಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಅಲ್ಲಿಯವರೆಗೆ ಬೋರ್‌ವೆಲ್ಲು, ಅದು ಬತ್ತಿದರೆ ಟ್ಯಾಂಕರು.

ಈಗ ಬ್ರೋಕರು "ಕಾವೇರಿ ಕನೆಕ್ಷನ್ ಇದೆ ಸಾರ್" ಅನ್ನುತ್ತಾನೆ. ಆ ಮಾತಿಗೆ ಮೂರು ಅರ್ಥವಿರಬಹುದು: ರಸ್ತೆಯವರೆಗೆ ಪೈಪು ಬಂದಿದೆ, ಅಸೋಸಿಯೇಷನ್ನಿನವರು ಅರ್ಜಿ ಹಾಕಿದ್ದಾರೆ, ನೀರು ನಿಜವಾಗಿಯೂ ಸಂಪಿಗೆ ಬೀಳುತ್ತಿದೆ. ಮೂರನೆಯದನ್ನು ಬಿಟ್ಟು ಉಳಿದೆರಡನ್ನು ನಂಬಬೇಡಿ. ಸಂಪರ್ಕದ ಶುಲ್ಕ ಕಟ್ಟುವುದು ಯಾರು, ಬಿಲ್ಡರೋ ಅಸೋಸಿಯೇಷನ್ನೋ, ಎಂಬ ಜಗಳದಲ್ಲೇ ತಿಂಗಳುಗಟ್ಟಲೆ ಕೂತಿರುವ ಕಾಂಪ್ಲೆಕ್ಸುಗಳುಂಟು. ನಗರದ ಗಡಿ ದಾಟಿದ ಪಂಚಾಯಿತಿ ಜಾಗದಲ್ಲಾದರೆ ಕಾವೇರಿಯ ಮಾತನ್ನೇ ಪಕ್ಕಕ್ಕಿಟ್ಟು ಲೆಕ್ಕ ಹಾಕಿ.

ಲೆಕ್ಕ ಎಂದರೆ ಹೀಗೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರ ನೀರು ಪೂರೈಕೆಯಲ್ಲಿ ಇಟ್ಟುಕೊಳ್ಳುವ ಮಾನದಂಡ. 200 ಮನೆ, ಮನೆಗೆ ಮೂರು ಜನ ಅಂದುಕೊಂಡರೆ ದಿನಕ್ಕೆ 81,000 ಲೀಟರ್. ಎಲ್ಲವೂ ಟ್ಯಾಂಕರಿನಿಂದಲೇ ಬರಬೇಕಾದರೆ 12,000 ಲೀಟರಿನ ಗಾಡಿ ಏಳು ಸಲ ಬರಬೇಕು. 2024ರ ಮಾರ್ಚಿನ ನೀರಿನ ಬರದಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ದರ ಗೊತ್ತು ಮಾಡಿತ್ತು. ಆ ದರದಲ್ಲೇ ಹಿಡಿದರೂ ತಿಂಗಳಿಗೆ 2,10,000, ಮನೆಗೆ 1,050 ರೂಪಾಯಿ ಬರೀ ನೀರಿಗೆ. ಹನ್ನೆರಡು ಮನೆಯ ಕಟ್ಟಡಕ್ಕೆ ದಿನಕ್ಕೆ 5,000 ಲೀಟರ್ ಕೂಡ ಬೇಡ. ನಲ್ಲಿ ಕೈಕೊಟ್ಟ ದಿನ ಒಂದು ಸಣ್ಣ ಟ್ಯಾಂಕರ್ ತರಿಸಿದರೆ ಕೆಲಸ ಮುಗಿಯಿತು. ಆ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ಹುಲ್ಲುಹಾಸು ಬ್ರೋಚರಿನಲ್ಲಿ ಹಸಿರಾಗಿದ್ದಷ್ಟು ಸುಲಭವಾಗಿ ನೆಲದ ಮೇಲೆ ಹಸಿರಾಗಿರುವುದಿಲ್ಲ.

ದೊಡ್ಡ ಕಾಂಪ್ಲೆಕ್ಸು ನೋಡಲು ಹೋದಾಗ ಮಾದರಿ ಮನೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಗೇಟಿನ ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಉದ್ದನೆಯ ರಿಜಿಸ್ಟರ್ ಒಂದಿರುತ್ತದೆ, ಅಂಚು ಮಡಚಿ, ನೀರು ಬಿದ್ದು ಶಾಯಿ ಹರಡಿದ್ದು. ಗಾಡಿ ನಂಬರು, ಬಂದ ಹೊತ್ತು, ಎಷ್ಟು ಲೀಟರು, ಡ್ರೈವರನ ಸಹಿ. ಸೆಕ್ಯುರಿಟಿಯವನನ್ನು ಎರಡು ಮಾತು ಚೆನ್ನಾಗಿ ಮಾತಾಡಿಸಿದರೆ ತೋರಿಸುತ್ತಾನೆ. ಫೆಬ್ರವರಿಯಿಂದ ಮೇ ತನಕದ ಪುಟಗಳನ್ನು ತಿರುವಿ ಹಾಕಿ. ಸೇಲ್ಸಿನವರು ಅರ್ಧ ಗಂಟೆ ಹೇಳುವುದಕ್ಕಿಂತ ಆ ನಾಲ್ಕು ಪುಟದಲ್ಲಿ ಹೆಚ್ಚು ವಿಷಯವಿರುತ್ತದೆ.

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧಮಾಡುವ ಘಟಕದ ಬಗ್ಗೆಯೂ ಒಂದು ಮಾತು. ದೊಡ್ಡ ಕಾಂಪ್ಲೆಕ್ಸುಗಳು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧಮಾಡಿ ಟಾಯ್ಲೆಟ್ ಫ್ಲಶ್ಶಿಗೂ ಗಿಡಗಳಿಗೂ ಬಳಸಬೇಕು. ನಿಯಮ ಒಳ್ಳೆಯದೇ. ಆದರೆ ಘಟಕವನ್ನು ಬೇಸ್‌ಮೆಂಟಿನ ಮೂಲೆಯಲ್ಲಿ ಕೂರಿಸಿ, ಅದರ ಗಾಳಿಕಿಂಡಿಯನ್ನು ಯಾವುದೋ ಟವರಿನ ಬಗಲಲ್ಲಿ ತೆರೆದಿರುತ್ತಾರೆ. ಅದರ ಮೇಲಿನ ಮೊದಲ ಎರಡು ಮಹಡಿಗಳ ಫ್ಲಾಟುಗಳು ಸ್ವಲ್ಪ ಅಗ್ಗಕ್ಕೆ ಸಿಗುವುದಕ್ಕೆ ಕಾರಣ ಬೇಕಿದ್ದರೆ ಸಂಜೆ ಏಳರ ಮೇಲೆ ಆ ಬಾಲ್ಕನಿಯಲ್ಲಿ ನಿಂತು ನೋಡಿ.

ಗೇಟು ದಾಟಿದರೆ ಏನಿದೆ

ಮಲ್ಲೇಶ್ವರ, ಬಸವನಗುಡಿ ಎರಡೂ 1898ರ ಪ್ಲೇಗಿನ ಹೊತ್ತಿಗೆ ಪೇಟೆಯ ಕಿಷ್ಕಿಂಧೆಯಿಂದ ಜನರನ್ನು ಹೊರತರಲು ಹುಟ್ಟಿದ ಬಡಾವಣೆಗಳು. ನೇರ ರಸ್ತೆ, ಅಡ್ಡರಸ್ತೆ, ಕಾಲುದಾರಿ, ಮರ, ಗುಡಿ, ಮಾರುಕಟ್ಟೆ ಎಲ್ಲ ನಡೆದು ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಅದರ ಫಲ ಇಂದಿಗೂ ಸಿಗುತ್ತಿದೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಬೆಳಿಗ್ಗೆ ಏಳಕ್ಕೆ ಹೋದರೆ ಮಾರು ಲೆಕ್ಕದ ಸೇವಂತಿಗೆ, ಪಕ್ಕದಲ್ಲಿ ಬಾಳೆ ಎಲೆಯ ಕಟ್ಟು, ಅದರಾಚೆ ಸೊಗಡಿನ ಅವರೆಕಾಯಿ ರಾಶಿ, ಗೋಣಿ ಹಾಸಿ ಕೂತ ಅಜ್ಜಿಯ ಮುಂದೆ ಕೊತ್ತಂಬರಿ, ದಂಟಿನ ಸೊಪ್ಪು. ನಡುವೆ ಎರಡು ದರ್ಶಿನಿ, ಒಂದು ಕಾಫಿಪುಡಿ ಅಂಗಡಿ. ಇದಕ್ಕೆಲ್ಲ ನೀವು ಮೇಂಟೆನೆನ್ಸ್ ಕಟ್ಟಬೇಕಿಲ್ಲ. ಜಯನಗರ ನಾಲ್ಕನೇ ಬ್ಲಾಕು, ಗಾಂಧಿ ಬಜಾರು ಕೂಡ ಹಾಗೇ. ಎಪ್ಪತ್ತು ದಾಟಿದವರು ಗಾಡಿ ಬಿಡುವುದನ್ನು ನಿಲ್ಲಿಸಿದ ಮೇಲೂ ಡಾಕ್ಟರು, ಬ್ಯಾಂಕು, ದೇವಸ್ಥಾನ, ಹಾಪ್‌ಕಾಮ್ಸ್ ಎಲ್ಲವೂ ಕಾಲಳತೆಯಲ್ಲೇ ಇರುತ್ತವೆ.

ಹಾಗೆಂದು ಹಳೇ ಬಡಾವಣೆಯನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಎರಡನೇ ಕಾರಿಗೆ ಜಾಗವಿಲ್ಲ. ಬಂದ ನೆಂಟರು ಗಾಡಿ ನಿಲ್ಲಿಸಲು ಮೂರು ರಸ್ತೆ ಸುತ್ತಬೇಕು. ಹಿಂದಿನ ಮನೆಯ ಅಡುಗೆಮನೆ ಕಿಟಕಿಗೂ ನಿಮ್ಮ ಮಲಗುವ ಕೋಣೆಗೂ ನಾಲ್ಕಡಿ ಅಂತರ. ಪಕ್ಕದಲ್ಲಿ ಕಲ್ಯಾಣ ಮಂಟಪವಿದ್ದರೆ ಲಗ್ನದ ತಿಂಗಳುಗಳಲ್ಲಿ ವಾಲಗ, ಆರ್ಕೆಸ್ಟ್ರಾ, ರಾತ್ರಿ ಪಾತ್ರೆ ತೊಳೆಯುವ ಸದ್ದು. ಮಕ್ಕಳು ಸೈಕಲ್ ತುಳಿಯಲು ರಸ್ತೆಗೇ ಇಳಿಯಬೇಕು, ಮತ್ತು ಇಂದಿನ ಸಂಪಿಗೆ ರಸ್ತೆಗೆ ಏಳು ವರ್ಷದ ಮಗುವನ್ನು ಸೈಕಲ್ ಕೊಟ್ಟು ಕಳಿಸುವ ತಾಯಿ ಯಾರೂ ಇಲ್ಲ.

ಮಕ್ಕಳ ವಿಷಯದಲ್ಲಿ ದೊಡ್ಡ ಕಾಂಪ್ಲೆಕ್ಸೇ ಗೆಲ್ಲುತ್ತದೆ, ಎರಡು ಮಾತಿಲ್ಲ. ಸಂಜೆ ಐದಾದರೆ ಗೇಟಿನೊಳಗಿನ ರಸ್ತೆಯ ತುಂಬ ಸೈಕಲ್ಲು, ಸ್ಕೇಟು, ಕ್ರಿಕೆಟ್ಟು. ಮಗು ಎಲ್ಲಿದೆ ಎಂದು ಬಾಲ್ಕನಿಯಿಂದ ಬಗ್ಗಿ ನೋಡಿದರೆ ಸಾಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಇದರ ಬೆಲೆ ದುಡ್ಡಿನಲ್ಲಿ ಹೇಳಲಾಗುವುದಿಲ್ಲ. ಮನೆಗೆಲಸದವರು, ಅಡುಗೆಯವರು, ಟ್ಯೂಷನ್ನು, ಸಂಗೀತದ ಪಾಠ ಎಲ್ಲವೂ ಒಳಗೇ ಸಿಗುತ್ತವೆ. ಲಿಫ್ಟು ಕೆಟ್ಟರೆ ಇನ್ನೊಂದಿರುತ್ತದೆ, ಕರೆಂಟು ಹೋದರೆ ಅರೆ ನಿಮಿಷದಲ್ಲಿ ಜನರೇಟರ್ ಶುರು.

ಆದರೆ ಗೇಟು ದಾಟಿದ ಕೂಡಲೇ ಏನು ಸಿಗುತ್ತದೆ ನೋಡಿ. ಕಾಂಪ್ಲೆಕ್ಸಿನ ಮುಂದೆ ಬಿಲ್ಡರು ಹಾಕಿದ ಚಂದದ ಫುಟ್‌ಪಾತು ಕಾಂಪೌಂಡ್ ಗೋಡೆಯ ಜೊತೆಗೇ ಮುಗಿದು, ಅಲ್ಲಿಂದ ಮುಂದೆ ಜಲ್ಲಿ, ತೆರೆದ ಚರಂಡಿ, ನೀರಿನ ಟ್ಯಾಂಕರುಗಳ ಸಾಲು. ಒಂದು ಕಟ್ಟು ಕೊತ್ತಂಬರಿಗೂ ಆ್ಯಪ್ ತೆರೆಯಬೇಕು ಅಥವಾ ಕಾರು ತೆಗೆಯಬೇಕು. ಊರಿನಿಂದ ಬಂದ ಅಪ್ಪ ಅಮ್ಮ ಮೊದಲ ವಾರ ಈಜುಕೊಳ ನೋಡಿ ಖುಷಿಪಡುತ್ತಾರೆ, ಎರಡನೇ ವಾರ "ನಡ್ಕೊಂಡು ಹೋಗೋಕೆ ಒಂದು ದೇವಸ್ಥಾನ ಇಲ್ವೇನೋ ಇಲ್ಲಿ" ಅನ್ನುತ್ತಾರೆ. ಶಿವಮೊಗ್ಗದಲ್ಲೋ ಹಾಸನದಲ್ಲೋ ಬೀದಿಯುದ್ದಕ್ಕೂ ಮಾತಾಡಿಕೊಂಡು ಬದುಕಿದವರಿಗೆ ಹದಿನಾಲ್ಕನೇ ಮಹಡಿಯ ಕಾರಿಡಾರು ಬೇಗ ಹಿಡಿಸುವುದಿಲ್ಲ. ಕನ್ನಡ ಬಳಗ ಗಟ್ಟಿಯಾಗಿರುವ, ರಾಜ್ಯೋತ್ಸವಕ್ಕೂ ದಸರಾ ಗೊಂಬೆಗೂ ಜನ ಸೇರುವ ಕಾಂಪ್ಲೆಕ್ಸುಗಳಲ್ಲಿ ಮಾತ್ರ ಈ ಕೊರತೆ ಸಾಕಷ್ಟು ತುಂಬಿಬರುತ್ತದೆ. ಸಂಜೆ ಬೆಂಚಿನ ಮೇಲೆ ಕೂತ ಹಿರಿಯರ ಗುಂಪು ಯಾವ ಭಾಷೆಯಲ್ಲಿ ಹರಟುತ್ತಿದೆ ಎಂದು ಕೇಳಿಸಿಕೊಳ್ಳಿ. ಅಮ್ಮನಿಗೆ ಅಲ್ಲಿ ಜೊತೆ ಸಿಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಓಡಾಟದ ಮಟ್ಟಿಗೆ "ಊರಾಚೆ" ಅನ್ನುವುದೆಲ್ಲ ಒಂದೇ ಅಲ್ಲ. ಕನಕಪುರ ರಸ್ತೆಗೆ 2021ರ ಜನವರಿಯಲ್ಲಿ ಮೆಟ್ರೋದ ಹಸಿರು ಮಾರ್ಗ ಬಂತು; ಕೋಣನಕುಂಟೆ ಕ್ರಾಸ್, ವಾಜರಹಳ್ಳಿ, ತಲಘಟ್ಟಪುರದ ಕಾಂಪ್ಲೆಕ್ಸುಗಳಿಂದ ಜಯನಗರ, ಮೆಜೆಸ್ಟಿಕ್ ಕಡೆಗೆ ನೇರ ರೈಲು. ವೈಟ್‌ಫೀಲ್ಡಿಗೆ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ಜೋಡಿಸಿಕೊಂಡಿತು. ಎಲೆಕ್ಟ್ರಾನಿಕ್ ಸಿಟಿಯ ಕಡೆ 19.15 ಕಿಲೋಮೀಟರ್ ಉದ್ದದ ಹಳದಿ ಮಾರ್ಗ 2025ರ ಆಗಸ್ಟಿನಿಂದ ಓಡುತ್ತಿದೆ. ಸರ್ಜಾಪುರ ರಸ್ತೆಗೆ ಇನ್ನೂ ಬಂದಿಲ್ಲ. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರವಿರುವ ಕಾಂಪ್ಲೆಕ್ಸಿಗೂ ಸ್ಟೇಷನ್ನಿನಿಂದ ನಾಲ್ಕು ಕಿಲೋಮೀಟರ್ ಒಳಗಿರುವುದಕ್ಕೂ ಅಜಗಜಾಂತರ. ಜಾಹೀರಾತಿನ "ಮೆಟ್ರೋಗೆ ಹತ್ತು ನಿಮಿಷ" ಯಾರು ಯಾವ ಹೊತ್ತಿನಲ್ಲಿ ಅಳೆದದ್ದೋ! ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನೀವೇ ಒಮ್ಮೆ ಹೋಗಿ ನೋಡಿ.

ತಿಂಗಳ ಖರ್ಚು

ಸಣ್ಣ ಕಟ್ಟಡದಲ್ಲಿ ಮೇಂಟೆನೆನ್ಸ್ ಮನೆಗೆ ಇಷ್ಟು ಎಂದು ಇರುತ್ತದೆ. ಒಬ್ಬ ವಾಚ್‌ಮನ್, ಅವನ ಹೆಂಡತಿ ಮೆಟ್ಟಿಲು ಗುಡಿಸುವುದು, ಲಿಫ್ಟಿನ ವಾರ್ಷಿಕ ನಿರ್ವಹಣೆ ಕರಾರು (ಎಎಂಸಿ), ಕಾಮನ್ ಕರೆಂಟು, ಸಂಪು ಕ್ಲೀನಿಂಗು. ದೊಡ್ಡ ಕಾಂಪ್ಲೆಕ್ಸಿನಲ್ಲಿ ಚದರಡಿಗೆ ಇಷ್ಟೆಂದು ಕಟ್ಟಬೇಕು, ಅದೂ ಬಹಳ ಕಡೆ ಸೂಪರ್ ಬಿಲ್ಟ್‌ಅಪ್ ಮೇಲೆ. ಅಂದರೆ ನೀವು ಕಾಲಿಡಲಾಗದ ಗೋಡೆಗೂ ಲಿಫ್ಟಿನ ಗುಂಡಿಗೂ ಪ್ರತಿ ತಿಂಗಳು ದುಡ್ಡು. 1,500 ಚದರಡಿಗೆ ಚದರಡಿಗೆ 5 ರೂಪಾಯಿಯಂತೆ 7,500. ಈ ಅಂಕಿ ನೆನಪಿಡಿ. ಅಸೋಸಿಯೇಷನ್ನಿನ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಮನೆಯೊಂದರ ಮೇಂಟೆನೆನ್ಸೂ ತಿಂಗಳಿಗೆ 7,500 ದಾಟಿದರೆ ಶೇ. 18 ಜಿಎಸ್‌ಟಿ ಬಂದು ಕೂರುತ್ತದೆ. ಅದಕ್ಕೇ ಎಷ್ಟೋ ಕಾಂಪ್ಲೆಕ್ಸುಗಳು ವರ್ಷಗಟ್ಟಲೆ 7,500ರ ಅಂಚಿನಲ್ಲೇ ಉಸಿರು ಬಿಗಿಹಿಡಿದು ನಿಂತಿರುತ್ತವೆ, ರಿಪೇರಿಗಳನ್ನು ಮುಂದೂಡುತ್ತ.

ಹೊಸ ಕಾಂಪ್ಲೆಕ್ಸಿನ ಮೊದಲ ಎರಡು ವರ್ಷದ ಮೇಂಟೆನೆನ್ಸ್ ನೋಡಿ ಮೋಸಹೋಗಬೇಡಿ. ಲಿಫ್ಟು, ಪಂಪು, ಜನರೇಟರು ಎಲ್ಲ ವಾರಂಟಿಯಲ್ಲಿರುತ್ತವೆ. ಏಳೆಂಟು ವರ್ಷ ಕಳೆದ ಮೇಲೆ ಹೊರಗೋಡೆಗೆ ಬಣ್ಣ, ಟೆರೇಸಿಗೆ ವಾಟರ್‌ಪ್ರೂಫಿಂಗ್, ಲಿಫ್ಟಿನ ಮೋಟರು, ಈಜುಕೊಳದ ಫಿಲ್ಟರು ಒಟ್ಟಿಗೇ ಬಾಗಿಲು ತಟ್ಟುತ್ತವೆ. ಆಗ ಕೈಹಿಡಿಯುವುದು ಕಾರ್ಪಸ್ ಫಂಡ್, ಅಂದರೆ ದೊಡ್ಡ ಖರ್ಚಿಗೆಂದು ಕೂಡಿಟ್ಟ ಹಣ. ಕೊಳ್ಳುವಾಗ ಎಲ್ಲರೂ ಅದಕ್ಕೆ ದುಡ್ಡು ಕಟ್ಟಿರುತ್ತಾರೆ. ಅದು ಬಿಲ್ಡರಿನಿಂದ ಅಸೋಸಿಯೇಷನ್ ಖಾತೆಗೆ ಬಂದಿದೆಯೇ ಎಂದು ಕೇಳಿದರೆ ಕೆಲವು ಕಡೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹಳೇ ಫ್ಲಾಟು ಕೊಳ್ಳುವವರು ಹಿಂದಿನ ವಾರ್ಷಿಕ ಸಭೆಯ (ಎಜಿಎಂ) ಲೆಕ್ಕಪತ್ರ ಕೇಳಿ ಪಡೆಯಿರಿ. ಅದರಲ್ಲಿ ಮೂರು ಸಾಲು ಸಾಕು: ಬ್ಯಾಂಕಿನಲ್ಲಿರುವ ಕಾರ್ಪಸ್ ಎಷ್ಟು, ಬಾಕಿ ಉಳಿಸಿಕೊಂಡ ಮನೆಗಳೆಷ್ಟು, ನೀರಿಗೂ ಡೀಸೆಲ್ಲಿಗೂ ಹೋದದ್ದೆಷ್ಟು. ಸಣ್ಣ ಕಟ್ಟಡದಲ್ಲಿ ಇಂಥ ಲೆಕ್ಕಪತ್ರವೇ ಇರುವುದಿಲ್ಲ. ಟ್ರೆಷರರ್ ಅಂಕಲ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಾರೆ, ಅದೇ ಆಡಿಟ್ಟು.

ಅಸೋಸಿಯೇಷನ್ ಎಂಬ ಮಹಾಶಕ್ತಿ

ಹನ್ನೆರಡು ಮನೆಯಲ್ಲಿ ಒಬ್ಬರು ಒಪ್ಪದಿದ್ದರೆ ಲಿಫ್ಟು ರಿಪೇರಿ ನಿಂತಿತು. ಗ್ರೌಂಡ್ ಫ್ಲೋರಿನವರು "ನಾವು ಲಿಫ್ಟೇ ಹತ್ತಲ್ಲ, ಯಾಕೆ ಕೊಡಬೇಕು" ಎಂದು ಹಟ ಹಿಡಿದರೆ ಉಳಿದ ಹನ್ನೊಂದು ಮನೆಯವರು ಮೆಟ್ಟಿಲು ಹತ್ತಬೇಕು. ಆರುನೂರು ಮನೆಯಲ್ಲಿ ಹಾಗಾಗುವುದಿಲ್ಲ, ಅಲ್ಲಿ ಸಮಿತಿ, ಉಪಸಮಿತಿ, ಚುನಾವಣೆ, ಎರಡು ಬಣ, ಮೂರು ವಾಟ್ಸ್ಆ್ಯಪ್ ಗುಂಪು. ನಾಯಿ ಸಾಕುವವರು ಮತ್ತು ಸಾಕದವರು, ಮಾಲೀಕರು ಮತ್ತು ಬಾಡಿಗೆದಾರರು ಎಂಬ ಗಡಿರೇಖೆಗಳು ಎಲ್ಲ ಕಡೆಯೂ ಇವೆ. ಮನೆಗೆಲಸದವರು ಇಂಥ ಲಿಫ್ಟಿನಲ್ಲೇ ಹೋಗಬೇಕು, ಪಾರ್ಕಿನ ಬೆಂಚಿನ ಮೇಲೆ ಕೂರಬಾರದು ಎಂದು ಬೋರ್ಡು ಹಾಕಿಕೊಂಡ ಕಾಂಪ್ಲೆಕ್ಸು ಎಷ್ಟೇ ಚಂದವಿದ್ದರೂ ನನ್ನ ಪಟ್ಟಿಯಿಂದ ಹೊರಗೆ. ರಾಯಚೂರು, ಯಾದಗಿರಿಯಿಂದ ಬಂದು ಇಡೀ ಕಟ್ಟಡ ಗುಡಿಸುವವರಿಗೆ ಕೂರಲು ಜಾಗವಿಲ್ಲ ಎಂದರೆ ಆ ಸಮಿತಿ ನಾಳೆ ಬಾಡಿಗೆದಾರನಿಗೂ ಅದೇ ನ್ಯಾಯ ಕೊಡುತ್ತದೆ.

ಅಸೋಸಿಯೇಷನ್ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಕೇಳುವುದು ಒಣ ವಿಷಯದಂತೆ ಕಾಣುತ್ತದೆ, ಆದರೂ ಕೇಳಿ. ವಸತಿ ಅಪಾರ್ಟ್‌ಮೆಂಟುಗಳಿಗೆಂದೇ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಎಷ್ಟೋ ಬಿಲ್ಡರುಗಳು ಅದನ್ನು ಬಿಟ್ಟು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಯಕ್ಷಗಾನ ಸಂಘವನ್ನೋ ಯುವಕ ಸಂಘವನ್ನೋ ನೋಂದಾಯಿಸಿದಂತೆ, ಮುಗಿಸಿಬಿಟ್ಟಿದ್ದಾರೆ. ಜಾಗದ ಹಕ್ಕಿನ ಪ್ರಶ್ನೆ ಬಂದಾಗ, ಮುಂದೆಂದೋ ಕಟ್ಟಡ ಕೆಡವಿ ಮತ್ತೆ ಕಟ್ಟುವ ಮಾತು ಬಂದಾಗ ಇದರ ಬಿಸಿ ತಟ್ಟುತ್ತದೆ.

ಕಾಗದಪತ್ರ, ಮತ್ತು ಸಣ್ಣ ಕಟ್ಟಡಗಳ ದೊಡ್ಡ ಹುಳುಕು

ಇಲ್ಲಿ ಹಳೇ ಬಡಾವಣೆಯ ಪಕ್ಷಪಾತಿಯಾದ ನಾನೂ ಸ್ವಲ್ಪ ಹಿಂದೆ ಸರಿಯುತ್ತೇನೆ. ಮನೆ ಕೊಳ್ಳುವವರ ರಕ್ಷಣೆಗೆಂದು ಇರುವ ರೇರಾ ಕಾಯ್ದೆ ಅನ್ವಯಿಸುವುದು ಜಾಗ 500 ಚದರ ಮೀಟರ್ ಮೀರಿ, ಮನೆಗಳೂ ಎಂಟನ್ನು ದಾಟಿದಾಗ. 40×60 ಸೈಟಿನಲ್ಲಿ, ಅಂದರೆ 2,400 ಚದರಡಿಯಲ್ಲಿ, ಎದ್ದ ಕಟ್ಟಡ ಅದರ ಲೆಕ್ಕಕ್ಕೇ ಬರುವುದಿಲ್ಲ. 60×90 ಸೈಟು 5,400 ಚದರಡಿ, ಅಂದರೆ 501 ಚದರ ಮೀಟರ್ ಚಿಲ್ಲರೆ. ಹನ್ನೆರಡು ಮನೆ ಕಟ್ಟಿದರೆ ಕೂದಲೆಳೆಯಲ್ಲಿ ಒಳಗೆ ಬಂತು! ರೇರಾ ಒಳಗಿದ್ದರೆ ಕರಾರು ಪತ್ರ ನೋಂದಣಿಗೆ ಮೊದಲು ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಕೊಳ್ಳುವವರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು, ಕೀಲಿ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಮಾಡಿಕೊಡಬೇಕು. ಎಂಟು ಮನೆಯ ಕಟ್ಟಡದಲ್ಲಿ ಇದ್ಯಾವುದೂ ಇಲ್ಲ. ಕಟ್ಟಿದವನು ಸಜ್ಜನನೋ ಅಲ್ಲವೋ, ಅಷ್ಟೇ.

ಓಸಿ, ಅಂದರೆ ಕಟ್ಟಡ ನಕ್ಷೆಯಂತೆ ಇದೆ, ವಾಸಕ್ಕೆ ತಕ್ಕದ್ದು ಎಂದು ಪಾಲಿಕೆ ಕೊಡುವ ಪತ್ರದ ವಿಷಯವೂ ಹಾಗೇ. ಮೂರು ಮಹಡಿಗೆ ನಕ್ಷೆ ಪಾಸು ಮಾಡಿಸಿ ನಾಲ್ಕು ಕಟ್ಟುವುದು, ಬಿಡಬೇಕಾದ ಜಾಗದಲ್ಲಿ ಬಾಲ್ಕನಿ ಚಾಚುವುದು ಒಳರಸ್ತೆಗಳಲ್ಲಿ ಮಾಮೂಲಿ. ಅಂಥ ಕಟ್ಟಡಕ್ಕೆ ಓಸಿ ಸಿಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಪತ್ರ ಪರಿಶೀಲಿಸಿಯೇ ಸಾಲ ಕೊಡಬೇಕು ಎಂದಿತು. ಆ ಮೇಲೆ "ಓಸಿ ಆಮೇಲೆ ಮಾಡಿಸ್ಕೊಡ್ತೀವಿ" ಎಂಬ ಮಾತಿಗೆ ತಲೆಯಾಡಿಸುವುದು ದಡ್ಡತನ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇದೆಯೇ, ಅದು ಕ್ರಮಬದ್ಧ ಆಸ್ತಿಗೆ ಕೊಡುವ ಎ ಖಾತೆಯೇ, ಇಪ್ಪತ್ತೋ ಮೂವತ್ತೋ ವರ್ಷದ ಈಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ) ಸ್ವಚ್ಛವಾಗಿದೆಯೇ ನೋಡಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ ಬಿ ಖಾತಾದ ಫ್ಲಾಟು ಅಗ್ಗ, ನಿಜ. ಸಾಲ ಕೇಳುವಾಗಲೂ ಮಾರುವಾಗಲೂ ಅದರ ಬೆಲೆ ತೆರಬೇಕಾಗುತ್ತದೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ. ಯಾವ ಕಚೇರಿಗೆ ಅಲೆಯಬೇಕು ಎಂಬುದನ್ನೂ ಮೊದಲೇ ತಿಳಿದುಕೊಂಡರೆ ಒಂದು ರಜೆ ಉಳಿಯುತ್ತದೆ.

ಜಾಗದ ಪಾಲು, ಎಲ್ಲರೂ ಯುಡಿಎಸ್ ಅನ್ನುವುದು, ಸಣ್ಣ ಕಟ್ಟಡದಲ್ಲೇ ಹೆಚ್ಚು ಎಂಬ ನಂಬಿಕೆ ಇದೆ. ಗುಣಿಸಿ ನೋಡದೆ ಒಪ್ಪಬೇಡಿ. 5,400 ಚದರಡಿಗೆ 12 ಮನೆ ಎಂದರೆ ತಲಾ 450. ಐದು ಎಕರೆ ಎಂದರೆ 2,17,800 ಚದರಡಿ, 600 ಮನೆಯಿದ್ದರೆ ತಲಾ 363. ವ್ಯತ್ಯಾಸ ಜನ ಹೇಳುವಷ್ಟು ದೊಡ್ಡದಲ್ಲ. ಆದರೆ ಅದೇ ಒಂದು ಚದರಡಿ ಜಯನಗರದಲ್ಲಿದೆಯೋ ವರ್ತೂರಿನಾಚೆ ಇದೆಯೋ ಎಂಬುದು ಖಂಡಿತ ದೊಡ್ಡ ವ್ಯತ್ಯಾಸ.

ನೋಂದಣಿ ಖರ್ಚನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. 45 ಲಕ್ಷ ಮೀರಿದ ಫ್ಲಾಟಿಗೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ ಶೇ. 5.6; 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೇರಿದೆ. 90 ಲಕ್ಷದ ಫ್ಲಾಟಿಗೆ ಒಟ್ಟು 6,84,000. ಇನ್ನೂ ಕಟ್ಟುತ್ತಿರುವ ಕಾಂಪ್ಲೆಕ್ಸಾದರೆ ಶೇ. 5 ಜಿಎಸ್‌ಟಿ ಬೇರೆ, ಅಂದರೆ ಇನ್ನೂ ನಾಲ್ಕೂವರೆ ಲಕ್ಷ. ಓಸಿ ಬಂದ ಮೇಲೆ ಕೊಂಡರೆ ಆ ಜಿಎಸ್‌ಟಿ ಇಲ್ಲ. ಇಷ್ಟು ಲೆಕ್ಕ ಹಾಕಿದ ಮೇಲೆ "ಪ್ರೀ ಲಾಂಚ್ ಆಫರ್" ಅಷ್ಟೇನೂ ಅಗ್ಗವಾಗಿ ಕಾಣುವುದಿಲ್ಲ.

ಮಳೆ ಬಂದಾಗ

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಳ ಮನೆಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೇ ನೋಡಿತು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. ಹತ್ತನೇ ಮಹಡಿಯಲ್ಲಿದ್ದರೆ ನೀರು ನಿಮ್ಮ ಮನೆಗೆ ಬರುವುದಿಲ್ಲ. ಬೇಸ್‌ಮೆಂಟಿಗೆ ಬರುತ್ತದೆ, ಅಲ್ಲಿ ನಿಮ್ಮ ಕಾರೂ ಪಂಪೂ ಕರೆಂಟಿನ ಪ್ಯಾನೆಲ್ಲೂ ಇರುತ್ತವೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಿ. ಕೆರೆ, ರಾಜಕಾಲುವೆ, ಖರಾಬು (ಸಾಗುವಳಿಗೆ ಬಾರದ್ದೆಂದು ದಾಖಲಾದ ಜಾಗ) ಎಲ್ಲಿ ಹಾದುಹೋಗಿದೆ ಎಂದು ಕಾಣುತ್ತದೆ. ಹತ್ತಿರದ ಟೀ ಅಂಗಡಿಯವನನ್ನು ಕೇಳಿದರೂ ಆದೀತು, "ಇಲ್ಲಿ ನೀರು ನಿಲ್ಲುತ್ತಾ ಸಾಮೀ?" ಎಂದು. ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ಮೂರನೇ ದಾರಿ: ಬಿಡಿಎ ಫ್ಲಾಟು

ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಫ್ಲಾಟುಗಳನ್ನು ಜನ ಮರೆತೇಬಿಡುತ್ತಾರೆ. ವಲಗೇರಹಳ್ಳಿ, ಕೊಮ್ಮಘಟ್ಟ, ಕಣಿಮಿಣಿಕೆ, ಆಲೂರು ಇಲ್ಲೆಲ್ಲ ಪ್ರಾಧಿಕಾರವೇ ಕಟ್ಟಿದ ಮನೆಗಳಿವೆ. ಜಾಗದ ಹಕ್ಕುಪತ್ರದ ತಲೆನೋವು ಕಡಿಮೆ. ಕೋಣೆಗಳು ಹಳೇ ಕಾಲದವರಂತೆ ಧಾರಾಳ, ಫಿನಿಷಿಂಗ್ ಸರ್ಕಾರಿ ಮಾದರಿ. ಸೋರುವ ಬಾತ್‌ರೂಮು, ತಡವಾಗಿ ಬರುವ ಬಸ್ಸು ಇವಕ್ಕೆ ಮನಸ್ಸು ಗಟ್ಟಿಮಾಡಿಕೊಂಡರೆ, ಮೈಸೂರು ರಸ್ತೆಯ ಕಡೆ ಕೆಲಸವಿರುವವರಿಗೆ ಇದು ಕೆಟ್ಟ ಆಯ್ಕೆಯಲ್ಲ. ಕೆಂಗೇರಿಯಿಂದ ಮುಂದೆ ಚಲ್ಲಘಟ್ಟದವರೆಗೂ ಈಗ ಮೆಟ್ರೋ ಇದೆ.

ಯಾರಿಗೆ ಯಾವುದು

ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ, ಅಥವಾ ನಿಮಗೇ ಐವತ್ತೈದು ದಾಟಿದ್ದರೆ, ಹಳೇ ಬಡಾವಣೆಯ ಸಣ್ಣ ಕಟ್ಟಡ. ಒಂದು ಬೆಡ್‌ರೂಮು ಕಡಿಮೆಯಾದರೂ ಸರಿ, ಲಿಫ್ಟ್ ಮತ್ತು ಓಸಿ ಎರಡೂ ಇರಲೇಬೇಕು. ಹತ್ತು ವರ್ಷದೊಳಗಿನ ಮಕ್ಕಳು, ಇಬ್ಬರಿಗೂ ಐಟಿ ಕೆಲಸ ಎಂದರೆ ದೊಡ್ಡ ಕಾಂಪ್ಲೆಕ್ಸು. ಅದರಲ್ಲೂ ಸಂಪಿಗೆ ಕಾವೇರಿ ಬೀಳುತ್ತಿರುವ, ಮೆಟ್ರೋಗೆ ನಡೆದು ಹೋಗಬಹುದಾದ ಮತ್ತು ಕಟ್ಟಿ ಐದಾರು ವರ್ಷ ಆಗಿರುವುದನ್ನು ಆರಿಸಿ. ಅಷ್ಟು ಹೊತ್ತಿಗೆ ಸೋರುವುದೆಲ್ಲ ಸೋರಿ, ಬಿಲ್ಡರ್ ಜೊತೆ ಜಗಳ ಮುಗಿದು, ಅಸೋಸಿಯೇಷನ್ ಒಂದು ಹದಕ್ಕೆ ಬಂದಿರುತ್ತದೆ. ವಿದೇಶದಲ್ಲಿದ್ದು ಬಾಡಿಗೆಗೆ ಬಿಡಲೆಂದು ಕೊಳ್ಳುವ ಕನ್ನಡಿಗರಿಗೂ ದೊಡ್ಡ ಕಾಂಪ್ಲೆಕ್ಸೇ ಅನುಕೂಲ, ಸಣ್ಣ ಕಟ್ಟಡದಲ್ಲಿ ಮಾಲೀಕ ಊರಲ್ಲಿಲ್ಲದಿದ್ದರೆ ನಲ್ಲಿ ಸೋರಿದರೂ ಪಕ್ಕದ ಮನೆಯವರ ಕೈಕಾಲು ಹಿಡಿಯಬೇಕು.

ನನ್ನನ್ನೇ ಕೇಳಿದರೆ ಎರಡಕ್ಕೂ ನಡುವಿನದು ವಾಸಿ: ಬನಶಂಕರಿ, ಜೆ.ಪಿ. ನಗರ, ವಿಜಯನಗರದಂಥ ಕಡೆ ಐವತ್ತರಿಂದ ಎಂಬತ್ತು ಮನೆಗಳಿರುವ, ಈಜುಕೊಳ ಇಲ್ಲದ ಕಟ್ಟಡ. ಎರಡು ಲಿಫ್ಟು, ಮಕ್ಕಳಿಗೆ ಒಂದಿಷ್ಟು ಜಾಗ, ಹೊರಗೆ ಕಾಲಿಟ್ಟರೆ ನಂದಿನಿ ಬೂತು. ಇಂಥವು ಜಾಹೀರಾತಿನಲ್ಲಿ ಕಾಣುವುದಿಲ್ಲ, ಮರುಮಾರಾಟದಲ್ಲೇ ಹುಡುಕಬೇಕು.

ಕೊಳ್ಳುವ ಮೊದಲು ಅದೇ ಕಟ್ಟಡದಲ್ಲಿ ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆಗಿದ್ದು ನೋಡುವುದು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಕಣ್ಣೆದುರೇ ಕಳೆಯುತ್ತವೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೇ ರೂಢಿಯವರು ಇನ್ನೂ ಇದ್ದಾರೆ, ಚೌಕಾಸಿ ಮಾಡಿದರೆ ಐದಾರಕ್ಕೆ ಇಳಿಯುತ್ತಾರೆ. ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯೇ, ಮೂವ್-ಇನ್ ಶುಲ್ಕ ಕೊಡುವುದು ಯಾರು, ಬಿಡುವಾಗ ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ, ಈ ಮೂರನ್ನೂ ಕರಾರು ಪತ್ರದಲ್ಲೇ ಬರೆಸಿಕೊಳ್ಳಿ.